ಶಾಸ್ತ್ರವೂ ಅಂತಃಸಾಕ್ಷಿಯೂ

ಬಾಲ್ಯದಲ್ಲಿ ಪಾಠಶಾಲೆಯ ಜಗಲಿಯ ಮೇಲೆ ಕುಳಿತು ನಾವು ಧರ್ಮದ ಮೂಲಗಳನ್ನು ಕಂಠಪಾಠ ಮಾಡಿದೆವು. ಮನುಸ್ಮೃತಿಯ ಎರಡನೆಯ ಅಧ್ಯಾಯವು ಅವನ್ನು ನಾಲ್ಕೆಂದು ಎಣಿಸುತ್ತದೆ: ವೇದ, ಸ್ಮೃತಿ, ಸದಾಚಾರ, ಕಡೆಗೆ ತನ್ನ ಆತ್ಮಕ್ಕೆ ಒಪ್ಪಿಗೆಯಾದುದು. ಮೊದಲಿನ ಮೂರನ್ನು ಗುರುಗಳು ದಿನಗಟ್ಟಲೆ ವಿವರಿಸಿದರು. ನಾಲ್ಕನೆಯದನ್ನು ಉಚ್ಚರಿಸಿ ಮುಂದಕ್ಕೆ ನಡೆದುಬಿಟ್ಟರು. ನಾವೂ ಕೇಳಲಿಲ್ಲ. ಆ ಪ್ರಶ್ನೆ ಐವತ್ತು ದಾಟಿದ ಮೇಲೆಯೂ ನಮ್ಮನ್ನು ಬಿಟ್ಟಿಲ್ಲ. ಶಾಸ್ತ್ರಾರ್ಥವೆಂದು ಬಲ್ಲವರು ಹೇಳುವುದನ್ನು ಅಂತಃಸಾಕ್ಷಿಯು ಒಪ್ಪದಿದ್ದರೆ ಗತಿಯೇನು?

ಶಾಸ್ತ್ರವೇ ಎರಡು ಮಾರ್ಗಗಳನ್ನು ತೋರಿಸಿದಲ್ಲಿ ಮಾತ್ರ ಆತ್ಮತುಷ್ಟಿಗೆ ಅವಕಾಶವೆಂದು ಕುಲ್ಲೂಕಭಟ್ಟನು ವ್ಯಾಖ್ಯಾನಿಸಿದನು. ಪಂಡಿತರಿಗೆ ಅಷ್ಟು ಸಾಕಾಯಿತು. ಆದರೆ ಲೋಕವ್ಯವಹಾರದಲ್ಲಿ ಪ್ರಶ್ನೆಯು ಅಷ್ಟಕ್ಕೇ ನಿಲ್ಲುವುದಿಲ್ಲವೆಂಬುದಕ್ಕೆ ವೈಕೋಮ್ ಸಾಕ್ಷಿ.

ತಿರುವಾಂಕೂರು ಸಂಸ್ಥಾನದ ಆ ಊರಿನಲ್ಲಿ ಶಿವಾಲಯದ ಸುತ್ತಣ ಬೀದಿಗಳಲ್ಲಿ ಈಳವರೂ ಪುಲಯರೂ ನಡೆಯಕೂಡದೆಂಬ ನಿಷೇಧವಿದ್ದಿತು. 1924ನೆಯ ಮಾರ್ಚ್ 30ರಂದು ಸತ್ಯಾಗ್ರಹವು ಆರಂಭವಾಯಿತು. ಆ ವರ್ಷಾಂತ್ಯದಲ್ಲಿ ಬೆಳಗಾವಿಯ ಕಾಂಗ್ರೆಸ್ಸಿಗೆ ಅಧ್ಯಕ್ಷರಾಗಿದ್ದ ಗಾಂಧೀಜಿಯವರು, ಮೂರು ತಿಂಗಳೊಳಗಾಗಿ, 1925ನೆಯ ಮಾರ್ಚಿನಲ್ಲಿ, ವೈಕೋಮ್‌ಗೆ ತೆರಳಿ ಸನಾತನಿಗಳೊಡನೆ ಸಂವಾದ ನಡೆಸಿದರು. ಆ ಜನರು ಪೂರ್ವಜನ್ಮದ ಕರ್ಮಫಲವನ್ನು ಉಣ್ಣುತ್ತಿರುವರೆಂಬುದು ಸನಾತನಿಗಳ ವಾದ. ಹಾಗೆಯೇ ಆಗಲಿ, ದೇವರು ವಿಧಿಸಿದ ದಂಡನೆಗೆ ಮತ್ತಷ್ಟು ಸೇರಿಸಲು ನಾವಾರು, ಎಂಬುದು ಗಾಂಧೀಜಿಯವರ ಮರುಪ್ರಶ್ನೆ. ಬಳಿಕ ಅವರು ಮೂರು ದಾರಿಗಳನ್ನು ಮುಂದಿಟ್ಟರು: ಸವರ್ಣೀಯರ ಅಭಿಪ್ರಾಯ ಸಂಗ್ರಹ, ಪಂಚಾಯಿತಿಯ ತೀರ್ಪು, ವಿದ್ವಾಂಸರಿಂದ ಶಾಸ್ತ್ರಪ್ರಮಾಣದ ಪರೀಕ್ಷೆ. ಎದುರು ಪಕ್ಷವು ಒಂದನ್ನೂ ಒಪ್ಪಲಿಲ್ಲ. ಗ್ರಂಥವನ್ನು ನಂಬಿದವರೇ ಗ್ರಂಥಪರೀಕ್ಷೆಗೆ ಹಿಂಜರಿದರು!

1925ರ ನವೆಂಬರಿನಲ್ಲಿ ಮೂರು ದಿಕ್ಕಿನ ಬೀದಿಗಳು ತೆರೆದವು. ಪೂರ್ವದ್ದು ಮುಚ್ಚಿಯೇ ಉಳಿಯಿತು. 1936ನೆಯ ನವೆಂಬರ್ 12ರಂದು ಮಹಾರಾಜರ ಘೋಷಣೆಯಿಂದ ಸರ್ಕಾರದ ದೇವಾಲಯಗಳ ಬಾಗಿಲುಗಳೇ ಸಮಸ್ತ ಹಿಂದೂಗಳಿಗೂ ತೆರೆದವು. ಈ ಹನ್ನೆರಡು ವರ್ಷಗಳಲ್ಲಿ ಸ್ಮೃತಿಗಳ ಒಂದಕ್ಷರವೂ ಬದಲಾಗಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಬದಲಾದುದು ಓದುವವರ ಅಂತಃಕರಣ.

ಅಂತಃಸಾಕ್ಷಿಯ ಹೆಸರಿನಲ್ಲಿ ಪ್ರತಿಯೊಬ್ಬನೂ ತನ್ನ ಇಚ್ಛೆಯನ್ನೇ ಧರ್ಮವೆಂದರೆ ಸಮಾಜದ ಗತಿಯೇನೆಂದು ಹಿರಿಯರು ಕೇಳುವರು. ಈ ಭಯವು ಅಸಾಧುವಲ್ಲ. ಆದರೆ ಇದಕ್ಕೊಂದು ಒರೆಗಲ್ಲುಂಟು. ನಮ್ಮ ನಂಬಿಕೆಯ ಬೆಲೆಯನ್ನು ತೆರುವವರು ಯಾರು? 1924ರ ಪ್ರವಾಹದಲ್ಲಿ ವೈಕೋಮ್‌ನ ಸ್ವಯಂಸೇವಕರು ನೀರಿನಲ್ಲಿ ನಿಂತೇ ಸರದಿ ಕಾಯ್ದರು. ತಮ್ಮ ಮನಸ್ಸಿನ ಮಾತಿಗೆ ತಮ್ಮ ದೇಹವನ್ನೇ ಒತ್ತೆಯಿಟ್ಟರು. ಸ್ವೇಚ್ಛೆಯಾದರೋ ಕಷ್ಟವನ್ನು ಪರರ ತಲೆಗೆ ಹೊರಿಸಿ ತಾನು ನೆರಳಿನಲ್ಲಿ ಕುಳಿತಿರುತ್ತದೆ. ಈ ಒರೆಗಲ್ಲಿಗೆ ಉಜ್ಜಿದರೆ, ಪರರ ದಾರಿಯನ್ನು ಮುಚ್ಚಿ ಶಾಸ್ತ್ರದ ಹೆಸರು ಹೇಳುವುದೇ ಎಷ್ಟೋ ವೇಳೆ ಸ್ವೇಚ್ಛೆಯೆಂದು ತಿಳಿಯುತ್ತದೆ.

ಗೀತೆಯ ಕೊನೆಯ ಅಧ್ಯಾಯದಲ್ಲಿ ಭಗವಂತನು ಹೇಳಬೇಕಾದುದನ್ನು ಹೇಳಿ, ಎಲ್ಲವನ್ನೂ ವಿಮರ್ಶಿಸಿ ನಿನಗೆ ತೋಚಿದಂತೆ ಮಾಡೆಂದು ಅರ್ಜುನನಿಗೇ ಬಿಟ್ಟನು. ದೇವರೇ ಬಿಟ್ಟುಕೊಟ್ಟ ಸ್ವಾತಂತ್ರ್ಯವನ್ನು ಮನುಷ್ಯರು ಕಸಿಯುವುದು ಯಾವ ಭಕ್ತಿ? ಪಂಕ್ತಿಯಲ್ಲಾಗಲಿ ಗುಡಿಯ ಬಾಗಿಲಲ್ಲಾಗಲಿ ‘ಶಾಸ್ತ್ರದಲ್ಲಿದೆ’ ಎಂಬ ಮಾತು ಕೇಳಿಬಂದಾಗ, ವಿದ್ಯಾವಂತರು ಒಂದು ಕ್ಷಣ ನಿಂತು, ಪಾಠಶಾಲೆಯಲ್ಲಿ ನಾವು ಕೇಳದೆ ಬಿಟ್ಟ ಪ್ರಶ್ನೆಯನ್ನು ಕೇಳಿಕೊಳ್ಳಲಿ. ಶಾಸ್ತ್ರಕ್ಕೆ ಅದರಿಂದ ಅಪಚಾರವಿಲ್ಲ. ನಾಲ್ಕನೆಯ ಮೂಲವೂ ಅದರಲ್ಲಿಯೇ ಬರೆದಿದೆ.