ಕುಡುಗೋಲು ಕಣ ರೋಗದಲ್ಲಿ ರಕ್ತಪೂರಣದ ಸಂದರ್ಭಗಳು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕಾಲೇಜುಗಳಲ್ಲಿ ರಕ್ತದಾನ ಶಿಬಿರಗಳು ಅಪರೂಪವಲ್ಲ. ತಾನಿತ್ತ ರಕ್ತವು ಎಲ್ಲ ರಕ್ತಹೀನತೆಗೂ ಸಂಜೀವಿನಿಯೆಂದು ವಿದ್ಯಾರ್ಥಿಯು ಭಾವಿಸುವುದು ಸಹಜ. ಆದರೆ ಕುಡುಗೋಲು ಕಣ ರೋಗದಲ್ಲಿ, ಅಂದರೆ ಸಿಕಲ್ ಸೆಲ್ ರೋಗದಲ್ಲಿ, ರಕ್ತಪೂರಣವು ಕೆಲವೊಮ್ಮೆ ಪ್ರಾಣರಕ್ಷಕ, ಕೆಲವೊಮ್ಮೆ ಅಪಾಯಕರ. ಈ ಭೇದವನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ರೋಗವು ಕನ್ನಡನಾಡಿಗೆ ಹೊರತಾದುದಲ್ಲ. 1952ರಲ್ಲಿ ಲೆಹ್ಮನ್ ಮತ್ತು ಕಟ್‌ಬುಷ್ ಎಂಬ ವಿದ್ವಾಂಸರು ನೀಲಗಿರಿಯ ಗಿರಿಜನರಲ್ಲಿ ಅದರ ಕುರುಹನ್ನು ಗುರುತಿಸಿದರು. ಮೈಸೂರು, ಚಾಮರಾಜನಗರ ಜಿಲ್ಲೆಗಳ ಸೋಲಿಗ, ಜೇನುಕುರುಬ ಮೊದಲಾದ ಸಮುದಾಯಗಳಲ್ಲಿಯೂ ಅದು ಕಂಡುಬಂದಿದೆ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ನಿರ್ಮೂಲನ ಅಭಿಯಾನದಲ್ಲಿ ಕರ್ನಾಟಕವೂ ಸೇರಿದೆ.

ತಂದೆ ತಾಯಿಗಳಿಬ್ಬರಿಂದಲೂ ದೋಷವನ್ನು ಪಡೆದ ಮಗುವಿನಲ್ಲಿ, ಆಮ್ಲಜನಕವು ಕಡಿಮೆಯಾದಾಗ ಕೆಂಪು ಕಣಗಳು ಕುಡುಗೋಲಿನಂತೆ ಬಾಗಿ ಕಿರುನಾಳಗಳನ್ನು ಕಟ್ಟುತ್ತವೆ. ಸುಮಾರು 120 ದಿನ ಬಾಳಬೇಕಾದ ಕಣವು 10-20 ದಿನಗಳಲ್ಲಿಯೇ ನಾಶವಾಗುವುದರಿಂದ ರಕ್ತಹೀನತೆಯು ನಿತ್ಯದ ಸ್ಥಿತಿ. ಹಿಮೋಗ್ಲೋಬಿನ್ 7 ಅಥವಾ 8 ಗ್ರಾಂ ಇದ್ದೂ ರೋಗಿಯು ನೆಮ್ಮದಿಯಿಂದಿದ್ದರೆ, ಅದು ಅವನ ದೇಹವು ಒಗ್ಗಿಕೊಂಡ ಮಟ್ಟ; ಆ ಅಂಕಿಯೊಂದನ್ನೇ ನೋಡಿ ರಕ್ತ ಕೊಡಬೇಕಾಗಿಲ್ಲ. ಬೇರೆ ತೊಡಕಿಲ್ಲದೆ ಕೇವಲ ನೋವು ಬಂದಾಗಲೂ ನೋವುಶಾಮಕ, ಸಾಕಷ್ಟು ನೀರು ಮತ್ತು ವಿಶ್ರಾಂತಿಗಳೇ ಚಿಕಿತ್ಸೆ.

ಹಾಗಾದರೆ ರಕ್ತವು ಯಾವಾಗ ಬೇಕು? ಮಗುವಿನ ಗುಲ್ಮದಲ್ಲಿ ರಕ್ತವು ಹಠಾತ್ತಾಗಿ ತುಂಬಿಕೊಂಡಾಗ, ವೈರಸ್ ಸೋಂಕಿನಿಂದ ಮಜ್ಜೆಯು ಕಣೋತ್ಪತ್ತಿಯನ್ನು ನಿಲ್ಲಿಸಿ ಹಿಮೋಗ್ಲೋಬಿನ್ ಕುಸಿದಾಗ, ಶ್ವಾಸಕೋಶದ ತೊಡಕಿನಿಂದ ಆಮ್ಲಜನಕವು ಇಳಿದಾಗ, ಪಾರ್ಶ್ವವಾಯು ಬಡಿದಾಗ. ಪಾರ್ಶ್ವವಾಯುವಿನಲ್ಲಿ ರೋಗಿಯ ರಕ್ತವನ್ನು ತೆಗೆದು ಬೇರೆಯದನ್ನು ತುಂಬುವ ವಿನಿಮಯ ವಿಧಾನವು ಮೇಲು. ದೊಡ್ಡ ಶಸ್ತ್ರಕ್ರಿಯೆಗೆ ಮುನ್ನ ಹಿಮೋಗ್ಲೋಬಿನ್ ಅನ್ನು 10 ಗ್ರಾಂ ಸಮೀಪಕ್ಕೆ ಏರಿಸುವುದುಂಟು. ಪರೀಕ್ಷೆಯಲ್ಲಿ ಮಿದುಳಿನ ರಕ್ತನಾಳಗಳ ಹರಿವು ಅತಿವೇಗವಾಗಿ ಕಂಡ ಮಕ್ಕಳಿಗೆ ನಿಯಮಿತ ರಕ್ತಪೂರಣ ಮಾಡಿದರೆ ಪಾರ್ಶ್ವವಾಯುವು ಬಹುಮಟ್ಟಿಗೆ ತಪ್ಪುವುದೆಂದು ಅಮೆರಿಕದಲ್ಲಿ 1998ರಲ್ಲಿ ಪ್ರಕಟವಾದ ಸಂಶೋಧನೆಯು ಸಿದ್ಧಪಡಿಸಿತು.

ಇದರ ಹೊರತು ಕೊಟ್ಟ ರಕ್ತಕ್ಕೆ ಬೆಲೆ ತೆರಬೇಕಾಗುತ್ತದೆ. 10 ಗ್ರಾಂ ಮೀರಿಸಿದರೆ ರಕ್ತವು ಮಂದವಾಗಿ ನಾಳಗಳು ಮತ್ತಷ್ಟು ಕಟ್ಟಬಹುದು. ಪ್ರತಿಯೊಂದು ಯೂನಿಟ್ಟಿನೊಡನೆ 200-250 ಮಿಲಿಗ್ರಾಂ ಕಬ್ಬಿಣವು ಒಳಸೇರುತ್ತದೆ. ಹೆಚ್ಚಾದುದನ್ನು ಹೊರದೂಡುವ ಮಾರ್ಗವು ದೇಹಕ್ಕಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಪರರ ಕಣಗಳ ವಿರುದ್ಧ ಪ್ರತಿಕಾಯಗಳು ಹುಟ್ಟಿದರೆ, ನಿಜವಾಗಿ ಪ್ರಾಣಸಂಕಟ ಒದಗಿದ ದಿನ ಹೊಂದುವ ರಕ್ತವೇ ದೊರೆಯದೆ ಹೋಗಬಹುದು.

ಸಂದರ್ಭದಿಂದ ಬೇರ್ಪಟ್ಟ ದಾಖಲೆಯು ದಾರಿ ತಪ್ಪಿಸುವುದೆಂಬುದು ಇತಿಹಾಸದ ವಿದ್ಯಾರ್ಥಿಗೆ ಮೊದಲ ಪಾಠ. ರೋಗಿಯ ಹಿಂದಿನ ಮಟ್ಟವನ್ನರಿಯದೆ ಓದಿದ ಇಂದಿನ ಅಂಕಿಯೂ ಅಂಥದೇ. ಆದುದರಿಂದ ಪ್ರತಿಯೊಬ್ಬ ರೋಗಿಯೂ ತನ್ನ ಎಂದಿನ ಹಿಮೋಗ್ಲೋಬಿನ್, ರಕ್ತದ ಗುಂಪು, ಹಿಂದಿನ ರಕ್ತಪೂರಣಗಳ ವಿವರ ಇವುಗಳನ್ನು ಬರೆದ ಚೀಟಿಯನ್ನು ಸದಾ ಜೊತೆಯಲ್ಲಿರಿಸಿಕೊಳ್ಳುವುದು ಶ್ರೇಯಸ್ಕರ.