4ಕೆ ಸಿನಿಮಾ ನೋಡಲು ಗ್ರಾಫಿಕ್ಸ್ ಕಾರ್ಡ್ ಬೇಕೇ? ಹೋಮ್ ಥಿಯೇಟರ್ ಕಂಪ್ಯೂಟರ್ ಪಟ್ಟಿಯ ಸತ್ಯಾಸತ್ಯತೆ

"ಮನೆಯಲ್ಲೇ 4ಕೆ ಥಿಯೇಟರ್! ಈ ಪಟ್ಟಿಯನ್ನು ಅಂಗಡಿಯಲ್ಲಿ ತೋರಿಸಿ, ಮೋಸ ಹೋಗಬೇಡಿ. ಹತ್ತು ಗ್ರೂಪ್‌ಗಳಿಗೆ ಶೇರ್ ಮಾಡಿ."

ಮೂಡುಬಿದಿರೆ ಹತ್ತಿರದ ಮಿಜಾರಿನ ಪರಿಚಯದವರೊಬ್ಬರು ಇಂಥದೊಂದು ಸಂದೇಶ ಕಳುಹಿಸಿ, "ಇದು ಸರಿ ಉಂಟಾ ಮಾರಾಯ್ರೆ? ದುಡ್ಡು ಕೊಡುವ ಮೊದಲು ಒಮ್ಮೆ ನೋಡಿ ಹೇಳಿ" ಎಂದರು. ಪಟ್ಟಿಯಲ್ಲಿ ಇದ್ದದ್ದು ಇಷ್ಟು: ಐ5-12400ಎಫ್ ಪ್ರೊಸೆಸರ್, 16 ಜಿಬಿ ರ್‍ಯಾಮ್, ಜಿಟಿ 730 ಎಂಬ 4 ಜಿಬಿ ಗ್ರಾಫಿಕ್ಸ್ ಕಾರ್ಡ್, 650 ವ್ಯಾಟ್ ಎಸ್‌ಎಂಪಿಎಸ್, ಚಿನ್ನದ ಲೇಪನದ ಎಚ್‌ಡಿಎಂಐ ಕೇಬಲ್, 10,000 ವ್ಯಾಟ್‌ನ ಸ್ಪೀಕರ್ ಸೆಟ್. ಎಲ್ಲ ಸೇರಿ ಐವತ್ತು ಸಾವಿರದ ಹತ್ತಿರ. ಅವರ ಕೈಯಲ್ಲಿದ್ದದ್ದು ಇಪ್ಪತ್ತೈದು ಸಾವಿರ.

43 ಇಂಚಿನ 4ಕೆ ಟಿವಿ ಆಗಲೇ ಮನೆಯಲ್ಲಿತ್ತು. ಹಿಂದಿನ ಟಿವಿ ಬೇಸಿಗೆಯ ಸಿಡಿಲಿಗೆ ಹೋದ ಮೇಲೆ ತಂದದ್ದು. ಯೂಟ್ಯೂಬ್‌ನಲ್ಲಿ ಬರುವ ಇಡೀ ರಾತ್ರಿಯ ಯಕ್ಷಗಾನ, ಹಾರ್ಡ್ ಡಿಸ್ಕ್‌ನಲ್ಲಿ ತುಂಬಿಟ್ಟ ಸಿನಿಮಾಗಳು, ತಂದೆಯವರು ಕೂಡಿಸಿಟ್ಟ ಒಂದು ಪೆಟ್ಟಿಗೆ ತಾಳಮದ್ದಲೆ ವಿಸಿಡಿಗಳು, ಇವನ್ನು ನೋಡಬೇಕು. ಗೇಮ್ ಆಡುವವರು ಮನೆಯಲ್ಲಿ ಯಾರೂ ಇಲ್ಲ.

ಗೊಂದಲ ಶುರುವಾಗುವುದು ಇಲ್ಲೇ. ಸಂದೇಶದಲ್ಲಿದ್ದ ಪಟ್ಟಿ ಗೇಮಿಂಗ್ ಕಂಪ್ಯೂಟರ್‌ನದ್ದು, ಅದೂ ಅರೆಬರೆ. ಮಿಜಾರಿನಲ್ಲಿ ಮೈಟ್, ಆಳ್ವಾಸ್ ಎಂದು ಎರಡು ಎಂಜಿನಿಯರಿಂಗ್ ಕಾಲೇಜುಗಳಿವೆ, ಗೇಮಿಂಗ್ ಪಿಸಿ ಬಗ್ಗೆ ಸಲಹೆ ಕೊಡುವ ಹುಡುಗರಿಗೆ ಬರವಿಲ್ಲ. ಆದರೆ ಗೇಮ್ ಆಡಲು ಬೇಕಾದದ್ದು ಬೇರೆ, ಸಿನಿಮಾ ನೋಡಲು ಬೇಕಾದದ್ದು ಬೇರೆ.

ಹೇಳಿಕೆ: ಗ್ರಾಫಿಕ್ಸ್ ಕಾರ್ಡ್ ಇಲ್ಲದೆ 4ಕೆ ಓಡುವುದಿಲ್ಲ

ಇದು ತಪ್ಪು. 4ಕೆ ಚಿತ್ರವೊಂದರಲ್ಲಿ 3840×2160, ಅಂದರೆ ಸುಮಾರು 83 ಲಕ್ಷ ಚುಕ್ಕಿಗಳಿರುತ್ತವೆ. ಸೆಕೆಂಡಿಗೆ ಇಂಥ 30 ಚಿತ್ರಗಳನ್ನು ಹಾಗೆಯೇ ಕಳುಹಿಸಿದರೆ ಸುಮಾರು 750 ಎಂಬಿ ಆಗುತ್ತದೆ. ಯಾವ ಮನೆಯ ಇಂಟರ್ನೆಟ್ಟೂ ಅದನ್ನು ಹೊರಲಾರದು. ಹಾಗಾಗಿ ವಿಡಿಯೊವನ್ನು ಸೆಕೆಂಡಿಗೆ ಎರಡು ಮೂರು ಎಂಬಿಗೆ ಬರುವಷ್ಟು ಒತ್ತಿ ಕಳುಹಿಸುತ್ತಾರೆ. ಒತ್ತುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. 2003ರ ಎಚ್.264, 2013ರ ಎಚ್‌ಇವಿಸಿ ಮತ್ತು ವಿಪಿ9, 2018ರ ಎವಿ1 ಈಗ ಬಳಕೆಯಲ್ಲಿರುವ ಮುಖ್ಯ ಕೋಡೆಕ್‌ಗಳು. ಯೂಟ್ಯೂಬ್‌ನ 4ಕೆ ವಿಡಿಯೊಗಳು ಬರುವುದು ವಿಪಿ9 ಅಥವಾ ಎವಿ1 ರೂಪದಲ್ಲಿ.

ಒತ್ತಿದ್ದನ್ನು ಬಿಡಿಸುವ ಕೆಲಸಕ್ಕೆಂದೇ ಈಗಿನ ಪ್ರೊಸೆಸರ್‌ಗಳ ಒಳಗೆ ಒಂದು ಚಿಕ್ಕ ಭಾಗ ಇರುತ್ತದೆ. ಅದಿದ್ದರೆ ಕಂಪ್ಯೂಟರ್ ತಣ್ಣಗೆ ಕೂತು ಸಿನಿಮಾ ಓಡಿಸುತ್ತದೆ. ಇಲ್ಲದಿದ್ದರೆ ಅದೇ ಕೆಲಸವನ್ನು ಪ್ರೊಸೆಸರ್ ಲೆಕ್ಕ ಹಾಕಿ ಹಾಕಿ ಮಾಡಬೇಕು. ಅಡಿಕೆಯನ್ನು ಯಂತ್ರಕ್ಕೆ ಹಾಕುವುದಕ್ಕೂ ಕೈಯಲ್ಲಿ ಕೂತು ಸುಲಿಯುವುದಕ್ಕೂ ಇರುವ ವ್ಯತ್ಯಾಸ ಇದು. ಎರಡರಲ್ಲೂ ಅಡಿಕೆ ಸುಲಿದು ಬರುತ್ತದೆ, ಆದರೆ ಎರಡನೆಯದರಲ್ಲಿ ಬೆವರು ಜಾಸ್ತಿ. ಕಂಪ್ಯೂಟರ್‌ನಲ್ಲಿ ಆ ಬೆವರು ಫ್ಯಾನಿನ ಸದ್ದಾಗಿ, ಚಿತ್ರದ ತಡವರಿಕೆಯಾಗಿ ಕಾಣುತ್ತದೆ.

ಇಂಟೆಲ್‌ನಲ್ಲಿ 4ಕೆ ಸಿನಿಮಾಗಳಿಗೆ ಬೇಕಾದ 10 ಬಿಟ್ ಎಚ್‌ಇವಿಸಿಯನ್ನೂ ವಿಪಿ9ನ್ನೂ ಪೂರ್ತಿಯಾಗಿ ಬಿಡಿಸುವ ಭಾಗ ಬಂದದ್ದು 7ನೇ ತಲೆಮಾರಿನಲ್ಲಿ, 2016ರ ಕೊನೆಗೆ. ಎವಿ1 ಬಂದದ್ದು 11ನೇ ತಲೆಮಾರಿನಲ್ಲಿ. ಈಗ ಪಟ್ಟಿಯನ್ನು ಮತ್ತೆ ನೋಡಿ. 12400 ಎಂಬ ಪ್ರೊಸೆಸರ್‌ನಲ್ಲಿ ಇದೆಲ್ಲ ಇದೆ. ಆದರೆ ಹೆಸರಿನ ಕೊನೆಗೆ 'ಎಫ್' ಸೇರಿತೆಂದರೆ ಅದರಲ್ಲಿ ಗ್ರಾಫಿಕ್ಸ್ ಭಾಗವೇ ಇಲ್ಲ ಎಂದರ್ಥ! ಹಾಗಾಗಿ ಪಟ್ಟಿ ಬರೆದವರು ಕಾರ್ಡ್ ಸೇರಿಸಲೇಬೇಕಾಯಿತು. ಸೇರಿಸಿದ್ದು ಜಿಟಿ 730. ಅದು ಎಚ್‌ಇವಿಸಿ, ವಿಪಿ9, ಎವಿ1 ಈ ಮೂರರಲ್ಲಿ ಒಂದನ್ನೂ ಬಿಡಿಸದ ಹಳೆಯ ಕಾರ್ಡ್. ಅದರ ಎಚ್‌ಡಿಎಂಐ ಕೂಡ 1.4, ಅಂದರೆ 4ಕೆಯಲ್ಲಿ ಸೆಕೆಂಡಿಗೆ 30 ಚಿತ್ರಗಳಿಗಿಂತ ಹೆಚ್ಚು ಕೊಡಲಾರದು. '4 ಜಿಬಿ' ಎಂಬುದು ಕಾರ್ಡ್‌ನ ಸ್ಮರಣೆಯ ಅಳತೆ ಅಷ್ಟೇ, ಕೋಡೆಕ್‌ಗೂ ಅದಕ್ಕೂ ಸಂಬಂಧವಿಲ್ಲ. ಇದ್ದ ಭಾಗವನ್ನು ತೆಗೆಸಿ, ದುಡ್ಡು ಕೊಟ್ಟು, ಅದಕ್ಕಿಂತ ಕಡಿಮೆಯದನ್ನು ಹಾಕಿಸಿದಂತಾಯಿತು.

ಹಾಗಾದರೆ ಯಾವುದನ್ನು ಕೊಳ್ಳುವುದು? ಕಚೇರಿಗಳಿಂದ ಹೊರಬಂದ ಅಂಗೈಯಗಲದ ಮಿನಿ ಪಿಸಿಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಸಿಗುತ್ತವೆ. 8ನೇ ತಲೆಮಾರಿನದ್ದು ಅಥವಾ ಆ ಮೇಲಿನದ್ದನ್ನು ನೋಡಿ. 7ನೆಯದ್ದು ಇನ್ನೂ ಅಗ್ಗವಾಗಿ ಕಾಣುತ್ತದೆ, ಚಿತ್ರವೂ ಚೆನ್ನಾಗಿ ಬರುತ್ತದೆ. ಆದರೆ ಆ ಪ್ರೊಸೆಸರ್‌ಗಳಿಗೆ ವಿಂಡೋಸ್ 11ರ ಅಧಿಕೃತ ಬೆಂಬಲವಿಲ್ಲ, ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಲಿನಕ್ಸ್ ಹಾಕಿಕೊಳ್ಳಲು ತಯಾರಿದ್ದರೆ ಮಾತ್ರ ಆ ದಾರಿ. ಹೊಸದೇ ಬೇಕೆನ್ನುವವರಿಗೆ ಇಂಟೆಲ್ ಎನ್100 ಪ್ರೊಸೆಸರ್‌ನ ಮಿನಿ ಪಿಸಿ ಸಾಕು, ಅದರಲ್ಲಿ ಎವಿ1 ಕೂಡ ಇದೆ. ರ್‍ಯಾಮ್ 8 ಜಿಬಿ ಸಾಕು. ಎಸ್‌ಎಸ್‌ಡಿ ಹಾಕಿದರೆ ಕಂಪ್ಯೂಟರ್ ಬೇಗ ಶುರುವಾಗುತ್ತದೆ ಅಷ್ಟೇ, ಚಿತ್ರ ಚೆಂದ ಆಗುವುದಿಲ್ಲ. 4ಕೆ ಬ್ಲೂರೇ ಕೂಡ ಹೆಚ್ಚೆಂದರೆ ಸೆಕೆಂಡಿಗೆ 16 ಎಂಬಿ ಕೇಳುತ್ತದೆ, ಸಾಮಾನ್ಯ ಹಾರ್ಡ್ ಡಿಸ್ಕ್ ಅದರ ಹಲವು ಪಟ್ಟು ಕೊಡುತ್ತದೆ. ಸಿನಿಮಾ ಹಾರ್ಡ್ ಡಿಸ್ಕ್‌ನಲ್ಲೇ ಇರಲಿ.

ಮಿನಿ ಪಿಸಿಯ ಹಿಂದೆ ಯಾವ ತೂತುಗಳಿವೆ ಎಂದು ಕೊಳ್ಳುವ ಮೊದಲೇ ನೋಡಬೇಕು. ಹಲವದರಲ್ಲಿ ಎಚ್‌ಡಿಎಂಐ ಇರುವುದಿಲ್ಲ, ಡಿಸ್‌ಪ್ಲೇಪೋರ್ಟ್ ಮಾತ್ರ ಇರುತ್ತದೆ. ಆಗ 'ಆ್ಯಕ್ಟಿವ್' ಎಂದು ಬರೆದಿರುವ ಅಡಾಪ್ಟರ್ ತೆಗೆದುಕೊಳ್ಳಿ, ಇಲ್ಲದಿದ್ದರೆ ಮತ್ತೆ 30ಕ್ಕೇ ನಿಲ್ಲುತ್ತದೆ. ಚಿನ್ನದ ಲೇಪನ ತುಕ್ಕು ತಡೆಯಲು ಅನುಕೂಲ, ಆದರೆ ಡಿಜಿಟಲ್ ಚಿತ್ರಕ್ಕೆ ಅದರಿಂದ ಹೊಳಪು ಬರುವುದಿಲ್ಲ.

ಪರೀಕ್ಷೆ ಅಂಗಡಿಯಲ್ಲೇ ಆಗಲಿ. ನಿಮ್ಮ ಫೋನಿನ ಕ್ಯಾಮೆರಾದಲ್ಲಿ 'ಹೈ ಎಫಿಷಿಯನ್ಸಿ' ಆಯ್ಕೆ ಇದ್ದರೆ ಅದರಲ್ಲಿ ಎರಡು ನಿಮಿಷ 4ಕೆ ವಿಡಿಯೊ ತೆಗೆದು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ, ಅದು ಎಚ್‌ಇವಿಸಿಯೇ. ವಿಎಲ್‌ಸಿ ಪ್ಲೇಯರ್‌ನಲ್ಲಿ ಓಡಿಸಿ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಸಿಪಿಯು ಶೇಕಡಾ ಹತ್ತು ಇಪ್ಪತ್ತರಲ್ಲಿದ್ದರೆ ಸರಿ, ಎಂಬತ್ತು ತೊಂಬತ್ತಕ್ಕೆ ಹೋದರೆ ಬೇಡ.

ಇನ್ನೊಂದು ಮಾತು. ನೀವು ನೋಡುವುದು ಒಟಿಟಿ ಆ್ಯಪ್‌ಗಳನ್ನು ಮಾತ್ರ ಎಂದಾದರೆ ಕಂಪ್ಯೂಟರೇ ಬೇಡ. ನಕಲು ತಡೆಯುವ ನಿಯಮದಿಂದಾಗಿ ಹಲವು ಸೇವೆಗಳು ಕಂಪ್ಯೂಟರ್ ಬ್ರೌಸರ್‌ಗೆ 4ಕೆ ಕೊಡುವುದಿಲ್ಲ, ಲಿನಕ್ಸ್‌ನಲ್ಲಿ ಇನ್ನೂ ಕೆಳಗೆ ಇಳಿಸುತ್ತವೆ. ಟಿವಿಗೆ ಚುಚ್ಚುವ 4ಕೆ ಸ್ಟಿಕ್ ಅದಕ್ಕಿಂತ ಅಗ್ಗ, ಚಿತ್ರವೂ ಒಳ್ಳೆಯದು. ನಮ್ಮ ಮಿಜಾರಿನವರಿಗೆ ಡಿಸ್ಕ್‌ಗಳೂ ಹಾರ್ಡ್ ಡಿಸ್ಕ್‌ಗಳೂ ಇದ್ದುದರಿಂದ ಕಂಪ್ಯೂಟರ್ ಎಂದದ್ದು.

4ಕೆ ಕಣ್ಣಿಗೆ ಕಾಣುತ್ತದೆಯೇ?

ಸಾಮಾನ್ಯ ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಅಂತರವನ್ನು ಬೇರ್ಪಡಿಸಿ ನೋಡಬಲ್ಲದು. 43 ಇಂಚಿನ ಟಿವಿಯಲ್ಲಿ 1080ಪಿ ಚಿತ್ರದ ಒಂದು ಚುಕ್ಕಿ ಅರ್ಧ ಮಿಲಿಮೀಟರ್ ಇರುತ್ತದೆ. ಲೆಕ್ಕ ಹಾಕಿದರೆ ಐದೂವರೆ ಅಡಿಗಿಂತ ದೂರ ಕೂತವರಿಗೆ 1080ಪಿಯ ಚುಕ್ಕಿಗಳೇ ಬೇರೆ ಬೇರೆಯಾಗಿ ಕಾಣುವುದಿಲ್ಲ. ಅವರ ಚಾವಡಿಯಲ್ಲಿ ಕುರ್ಚಿ ಇರುವುದು ಹತ್ತು ಅಡಿ ದೂರದಲ್ಲಿ. ಹಾಗಾಗಿ 4ಕೆ ಪ್ರತಿಗಳನ್ನು ಹುಡುಕಿ ಹಾರ್ಡ್ ಡಿಸ್ಕ್ ತುಂಬಿಸುವ ಅಗತ್ಯ ಅವರಿಗಿಲ್ಲ.

ಹೇಳಿಕೆ: 10,000 ವ್ಯಾಟ್ ಸ್ಪೀಕರ್

ಮಿಜಾರಿನವರಿಗೆ ಫಾರ್ವರ್ಡ್‌ನ ಅಂಕಿಗಳು ಹೊಸತಲ್ಲ. 2020ರ ಫೆಬ್ರವರಿಯಲ್ಲಿ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು ಐಕಳ ಕಂಬಳದ 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದಾಗ, ಅದನ್ನು 100 ಮೀಟರಿಗೆ ಇಳಿಸಿ 9.55 ಸೆಕೆಂಡ್ ಎಂದು ಲೆಕ್ಕ ಹಾಕಿ, ಉಸೇನ್ ಬೋಲ್ಟ್‌ರ 9.58ರ ದಾಖಲೆ ಮುರಿಯಿತು ಎಂಬ ಸಂದೇಶ ದೇಶವೆಲ್ಲ ಸುತ್ತಿತು. ಭಾಗಾಕಾರ ಸರಿಯೇ ಇತ್ತು. ಆದರೆ ಕೆಸರಿನಲ್ಲಿ ಕೋಣಗಳ ಜೊತೆ ಓಡುವುದನ್ನೂ ಟ್ರ್ಯಾಕ್‌ನಲ್ಲಿ ಒಬ್ಬನೇ ಓಡುವುದನ್ನೂ ಒಂದೇ ಗಡಿಯಾರದಲ್ಲಿ ಇಡುವಂತಿರಲಿಲ್ಲ. ಗೌಡರೇ ಆ ಹೋಲಿಕೆಯನ್ನು ಒಪ್ಪಲಿಲ್ಲ.

ಸ್ಪೀಕರ್ ಪೆಟ್ಟಿಗೆ ಮೇಲಿನ 10,000 ವ್ಯಾಟ್‌ನಲ್ಲಿ ಭಾಗಾಕಾರವೂ ಸರಿಯಿಲ್ಲ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ 'ಪಿಎಂಪಿಒ' ಎಂದಿರುತ್ತದೆ. ಅದನ್ನು ಅಳೆಯಲು ಎಲ್ಲರೂ ಒಪ್ಪಿದ ವಿಧಾನವೇ ಇಲ್ಲ, ಕಂಪನಿ ಬರೆದಷ್ಟು. ನೋಡಬೇಕಾದದ್ದು 'ಆರ್‌ಎಂಎಸ್' ಅಂಕಿ, ಅಂದರೆ ಸ್ಪೀಕರ್ ಸತತವಾಗಿ ತಾಳಿಕೊಳ್ಳುವ ಶಕ್ತಿ. ಅನುಮಾನವಿದ್ದರೆ ಪ್ಲಗ್ ನೋಡಿ. ಮನೆಯ ಸಣ್ಣ ಸಾಕೆಟ್ 6 ಆಂಪಿಯರ್‌ನದ್ದು, 230 ವೋಲ್ಟ್‌ನಲ್ಲಿ ಅದರಿಂದ ಬರುವುದೇ ಹೆಚ್ಚೆಂದರೆ 1,380 ವ್ಯಾಟ್. ಅದಕ್ಕೆ ಚುಚ್ಚಿದ ಪೆಟ್ಟಿಗೆ ಸತತವಾಗಿ ಹತ್ತು ಸಾವಿರ ವ್ಯಾಟ್ ಎಲ್ಲಿಂದ ತರುತ್ತದೆ?

ಹಂಚಿನ ಮನೆಯ ಚಾವಡಿಗೆ ಒಳ್ಳೆಯ ಎರಡು ಸ್ಪೀಕರ್, 40ರಿಂದ 60 ವ್ಯಾಟ್ ಆರ್‌ಎಂಎಸ್, ಧಾರಾಳವಾಯಿತು. ಕಾರ್ಡ್‌ನಲ್ಲಿ ಉಳಿದ ದುಡ್ಡನ್ನು ಇಲ್ಲಿ ಹಾಕಿ ಎಂದೇ ನನ್ನ ಸಲಹೆ. ಭಾಗವತರ ಕಂಠವೂ ಚೆಂಡೆಯ ಪೆಟ್ಟೂ ಬೇರೆ ಬೇರೆಯಾಗಿ ಕೇಳಬೇಕಾದರೆ ಟಿವಿಯ ಸ್ಪೀಕರ್‌ನಿಂದ ಆಗುವುದಿಲ್ಲ. 'ಹಾಡು ಜೋರು, ಮಾತು ಕೇಳುವುದಿಲ್ಲ' ಎಂಬುದು ಹಲವರ ದೂರು. 5.1 ಧ್ವನಿಯಲ್ಲಿ ಮಾತು ಇರುವುದು ಮುಖ್ಯವಾಗಿ ನಡುವಿನ ಸ್ಪೀಕರ್‌ಗೆ. ನಿಮ್ಮಲ್ಲಿ ಎರಡೇ ಸ್ಪೀಕರ್ ಇದ್ದರೆ ಪ್ಲೇಯರ್‌ನ ಸೆಟ್ಟಿಂಗ್‌ನಲ್ಲಿ 'ಸ್ಟೀರಿಯೊ' ಆರಿಸಿ, ನಡುವಿನ ಮಾತು ಎರಡಕ್ಕೂ ಹಂಚಿಹೋಗುತ್ತದೆ. ಇದಕ್ಕೆ ಖರ್ಚಿಲ್ಲ.

ಪಟ್ಟಿಯಲ್ಲಿ ಇಲ್ಲದೇ ಹೋದದ್ದು: ಸಿಡಿಲು

ಕರಾವಳಿಯಲ್ಲಿ ಬದುಕುವ ಯಂತ್ರಕ್ಕೆ ಇದು ಪ್ರೊಸೆಸರ್‌ಗಿಂತ ದೊಡ್ಡ ವಿಷಯ. ಏಪ್ರಿಲ್-ಮೇಯಲ್ಲಿ, ಮತ್ತೆ ಅಕ್ಟೋಬರ್ ಸುಮಾರಿಗೆ ಸಂಜೆ ಹೊತ್ತು ಘಟ್ಟದ ಕಡೆಯಿಂದ ಗುಡುಗು ಬರುತ್ತದೆ. ನಮ್ಮದು ಮುರಕಲ್ಲಿನ ನೆಲ. ನೀರು ಬೇಗ ಇಳಿದುಹೋಗುತ್ತದೆ, ಬೇಸಿಗೆಯ ಕೊನೆಗೆ ಅರ್ತಿಂಗ್ ಗುಂಡಿ ಒಣಗಿರುತ್ತದೆ. ಒಣ ಮಣ್ಣು ವಿದ್ಯುತ್ತನ್ನು ಸರಿಯಾಗಿ ಒಳಗೆ ಬಿಡುವುದಿಲ್ಲ. ಅಂದರೆ ಮೊದಲ ಸಿಡಿಲು ಬರುವ ಹೊತ್ತಿಗೇ ಅರ್ತಿಂಗ್ ಅತ್ಯಂತ ದುರ್ಬಲವಾಗಿರುತ್ತದೆ. ಮಾರ್ಚ್‌ನಿಂದಲೇ ಗುಂಡಿಗೆ ಆಗಾಗ ನೀರು ಹಾಕುವುದು ಹಳಬರ ಅಭ್ಯಾಸ, ಅದರ ಹಿಂದೆ ಸರಿಯಾದ ಕಾರಣವಿದೆ. ಅರ್ತ್ ಟೆಸ್ಟರ್ ಇರುವ ಎಲೆಕ್ಟ್ರಿಷಿಯನ್‌ನಿಂದ ಒಮ್ಮೆ ಅಳೆಸಿಕೊಳ್ಳಿ.

'ಸ್ಪೈಕ್ ಬಸ್ಟರ್ ಹಾಕಿದ್ದೇನೆ, ಹೆದರಿಕೆ ಇಲ್ಲ' ಎನ್ನುವವರಿದ್ದಾರೆ. ಅದು ಸಣ್ಣ ಏರಿಳಿತಗಳನ್ನು ಹೀರಿಕೊಳ್ಳುತ್ತದೆ, ಹತ್ತಿರ ಬಿದ್ದ ಸಿಡಿಲನ್ನಲ್ಲ. ಅದರೊಳಗಿನ ಭಾಗ ಪ್ರತಿ ಪೆಟ್ಟಿಗೂ ಸವೆಯುತ್ತದೆ. ಮೂರು ಪಿನ್ನನ್ನು ಎರಡು ಮಾಡುವ ಕನ್ವರ್ಟರ್‌ಗೆ ಚುಚ್ಚಿದರೆ ಅರ್ತ್ ತಪ್ಪಿಹೋಗಿ ರಕ್ಷಣೆ ಇನ್ನೂ ಕಡಿಮೆಯಾಗುತ್ತದೆ.

ಸಿಡಿಲು ಬರುವ ದಾರಿಯೂ ಕರೆಂಟಿನ ತಂತಿ ಒಂದೇ ಅಲ್ಲ. ಮಾಡಿನ ಮೇಲಿನ ಡಿಶ್‌ನಿಂದ ಕೇಬಲ್ ಸೆಟ್‌ಟಾಪ್ ಬಾಕ್ಸ್‌ಗೆ, ಅಲ್ಲಿಂದ ಎಚ್‌ಡಿಎಂಐ ಮೂಲಕ ಟಿವಿಗೆ, ಟಿವಿಯಿಂದ ಇನ್ನೊಂದು ಎಚ್‌ಡಿಎಂಐಯಲ್ಲಿ ಕಂಪ್ಯೂಟರ್‌ಗೆ. ಪ್ಲಗ್ ಎಳೆದಿಟ್ಟರೂ ಈ ದಾರಿ ತೆರೆದೇ ಇರುತ್ತದೆ. ಇಂಟರ್ನೆಟ್ಟನ್ನು ತಂತಿಯ ಬದಲು ವೈಫೈಯಲ್ಲಿ ತಂದರೆ ಒಂದು ದಾರಿಯಾದರೂ ಮುಚ್ಚುತ್ತದೆ. ಮೋಡ ಕಪ್ಪಾಗುವಾಗಲೇ ಪ್ಲಗ್ ಮತ್ತು ಡಿಶ್ ಕೇಬಲ್ ಎರಡನ್ನೂ ಬಿಡಿಸಿ. ಗುಡುಗು ಕೇಳತೊಡಗಿದ ಮೇಲೆ ತಂತಿ ಮುಟ್ಟಲು ಹೋಗಬೇಡಿ, ಟಿವಿ ಹೋದರೆ ಹೋಗಲಿ.

ಮಳೆಗಾಲದಲ್ಲಿ ಕರೆಂಟ್ ಹೋಗುವುದಕ್ಕೆ ಬೇರೆ ಯುಪಿಎಸ್ ಬೇಕಿಲ್ಲ, ಮನೆಯ ಇನ್ವರ್ಟರ್ ಸಾಕು. ಅದರ ಹಿಂದೆ 'ಯುಪಿಎಸ್' ಎಂಬ ಸ್ವಿಚ್ ಇದ್ದರೆ ಆ ಕಡೆಗೆ ಹಾಕಿ, ಬದಲಾವಣೆ ಬೇಗ ಆಗಿ ಕಂಪ್ಯೂಟರ್ ಆರುವುದಿಲ್ಲ. ಸಿನಿಮಾ ಓಡಿಸುವಾಗ ಮಿನಿ ಪಿಸಿ ಎಳೆಯುವುದು ಹೆಚ್ಚುಕಡಿಮೆ 15 ವ್ಯಾಟ್. ದಿನಕ್ಕೆ ನಾಲ್ಕು ಗಂಟೆಯಂತೆ ತಿಂಗಳಿಗೆ ಎರಡು ಯೂನಿಟ್ ಕೂಡ ಆಗುವುದಿಲ್ಲ. 650 ವ್ಯಾಟ್ ಎಸ್‌ಎಂಪಿಎಸ್‌ಗೆ ಇಲ್ಲಿ ಕೆಲಸವೇ ಇಲ್ಲ.

ಅವರು ಕೊನೆಗೆ ತಂದದ್ದು 8ನೇ ತಲೆಮಾರಿನ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ, ಎರಡು ಸ್ಪೀಕರ್, ಯುಎಸ್‌ಬಿಗೆ ಚುಚ್ಚುವ ಒಂದು ಡಿವಿಡಿ ಡ್ರೈವ್. ಇಪ್ಪತ್ತೈದು ಸಾವಿರದೊಳಗೆ ಮುಗಿಯಿತು. ವಿಸಿಡಿಗಳಲ್ಲಿ ನಾಲ್ಕು ಬೂಸ್ಟು ಹಿಡಿದು ಓದಲೇ ಇಲ್ಲ. ಉಳಿದವನ್ನು ಒಂದೊಂದಾಗಿ ಹಾರ್ಡ್ ಡಿಸ್ಕ್‌ಗೆ ಇಳಿಸುತ್ತಿದ್ದಾರೆ. ಡಿಸ್ಕ್‌ನೊಳಗಿನ 'ಎಂಪಿಇಜಿಎವಿ' ಫೋಲ್ಡರ್‌ನಲ್ಲಿರುವ ಕಡತವನ್ನು ಎತ್ತಿಟ್ಟರೆ ಸಾಕು, ವಿಎಲ್‌ಸಿ ಹಾಗೆಯೇ ಓಡಿಸುತ್ತದೆ. ಚಿತ್ರ 352×288 ಅಷ್ಟೇ, ಯಾವ ಕಾರ್ಡ್ ಹಾಕಿದರೂ ಅದು 4ಕೆ ಆಗುವುದಿಲ್ಲ. ತಾಳಮದ್ದಲೆಗೆ ಕುರ್ಚಿಯನ್ನು ಇನ್ನೆರಡು ಅಡಿ ಹಿಂದೆ ಹಾಕಿಕೊಂಡಿದ್ದಾರಂತೆ.