ಹೊರಗೆ ಕಾಣದ ಮನೋವೇದನೆ: ನೆರವು ಪಡೆಯಲು ಅಂಜಿಕೆ ಬೇಡ

(ಶ್ರೀಗಂಧದ ಕಾವಲ್ ಹಾಗೂ ಸುತ್ತಲಿನ ಬಡಾವಣೆಗಳ ನಾಗರಿಕರ ಮಾಹಿತಿಗಾಗಿ)

ಪೀಠಿಕೆ

ಜ್ವರ ಬಂದರೆ ಮೈ ಮುಟ್ಟಿದವರಿಗೆ ತಿಳಿಯುತ್ತದೆ; ಕೈ ಮುರಿದರೆ ಕಟ್ಟಿದ ಪಟ್ಟಿ ಕಾಣುತ್ತದೆ. ಮನಸ್ಸಿನ ಬೇನೆಗೆ ಇಂತಹ ಹೊರಗುರುತು ಇಲ್ಲ. ಬೆಳಿಗ್ಗೆ ಪೀಣ್ಯದ ಕಾರ್ಖಾನೆಗೋ ಗಾರ್ಮೆಂಟ್ಸ್ ಘಟಕಕ್ಕೋ ಹೊರಡುವವರು, ಮಕ್ಕಳನ್ನು ಶಾಲೆಗೆ ಕಳುಹಿಸಿ ಮನೆಯಲ್ಲಿ ಒಬ್ಬರೇ ಉಳಿಯುವ ಗೃಹಿಣಿಯರು, ನಿವೃತ್ತರಾದ ಹಿರಿಯರು, ಪರೀಕ್ಷೆಯ ಒತ್ತಡದಲ್ಲಿರುವ ವಿದ್ಯಾರ್ಥಿಗಳು ಎಲ್ಲರೊಡನೆ ನಗುನಗುತ್ತಲೇ ಮಾತನಾಡುತ್ತಾ ಒಳಗೆ ತೀವ್ರ ವೇದನೆಯನ್ನು ಅನುಭವಿಸುತ್ತಿರಬಹುದು.

ನಿಮ್ಹಾನ್ಸ್ ಸಂಸ್ಥೆಯು 12 ರಾಜ್ಯಗಳಲ್ಲಿ ನಡೆಸಿದ 2015-16ನೇ ಸಾಲಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ವಯಸ್ಕರ ಪೈಕಿ ಶೇಕಡ 10.6 ಮಂದಿಗೆ ಒಂದಿಲ್ಲೊಂದು ಮಾನಸಿಕ ತೊಂದರೆ ಇರುವುದು ಕಂಡುಬಂದಿತು. ಕಾಯಿಲೆಗೆ ಅನುಗುಣವಾಗಿ ಶೇಕಡ 70ರಿಂದ 92ರಷ್ಟು ಮಂದಿ ಚಿಕಿತ್ಸೆ ಪಡೆದಿರಲಿಲ್ಲ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು, ಆಸ್ಪತ್ರೆಯ ಚೀಟಿಯಲ್ಲಿ ಹೆಸರು ದಾಖಲಾದರೆ ನೌಕರಿಗೆ, ಮಕ್ಕಳ ಮದುವೆಗೆ, ಮನೆತನದ ಮರ್ಯಾದೆಗೆ ಕುಂದು ಬರುವುದೆಂಬ ಭಯ. ಈ ಭಯದ ಬಗ್ಗೆ ಕಾನೂನು ಏನು ಹೇಳುತ್ತದೆ ಹಾಗೂ ನೆರವು ಎಲ್ಲಿ ದೊರೆಯುತ್ತದೆ ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶವಾಗಿರುತ್ತದೆ.

ಗುರುತಿಸುವುದು ಹೇಗೆ?

ಬೇಸರ, ದುಃಖ, ಚಿಂತೆ ಎಲ್ಲರ ಬಾಳಿನಲ್ಲೂ ಬಂದು ಹೋಗತಕ್ಕವು. ಆದರೆ ಕೆಳಕಂಡ ಲಕ್ಷಣಗಳಲ್ಲಿ ಕೆಲವು ಎರಡು ವಾರಗಳಿಗೂ ಮೇಲ್ಪಟ್ಟು ಬಹುತೇಕ ಪ್ರತಿದಿನವೂ ಇದ್ದಲ್ಲಿ ವೈದ್ಯರ ಸಲಹೆ ಪಡೆಯುವುದು ಅಗತ್ಯ.

1. ನಿದ್ರೆ ಬಾರದಿರುವುದು, ನಸುಕಿನಲ್ಲೇ ಎಚ್ಚರವಾಗುವುದು ಅಥವಾ ಅತಿಯಾದ ನಿದ್ರೆ.
2. ಹಸಿವು ಕುಗ್ಗುವುದು, ಸದಾ ದಣಿವು.
3. ಹಿಂದೆ ಇಷ್ಟವಾಗುತ್ತಿದ್ದ ಕೆಲಸ, ಹಾಡು, ನೆಂಟರ ಭೇಟಿ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು.
4. ಕಾರಣವಿಲ್ಲದೆ ಎದೆ ಡವಗುಟ್ಟುವುದು, ಬೆವರುವುದು, ಸಣ್ಣ ವಿಷಯಕ್ಕೂ ಸಿಡುಕುವುದು.
5. "ನಾನು ಎಲ್ಲರಿಗೂ ಹೊರೆ" ಎಂಬ ಭಾವನೆ, ಸಾವಿನ ಯೋಚನೆ.
6. ಮನಸ್ಸು ಹಗುರವಾಗಲೆಂದು ಮದ್ಯಪಾನವನ್ನು ಹೆಚ್ಚಿಸಿಕೊಳ್ಳುವುದು.

ನಮ್ಮಲ್ಲಿ ಅನೇಕರು ಮನಸ್ಸಿನ ನೋವನ್ನು ದೇಹದ ಭಾಷೆಯಲ್ಲಿ ಹೇಳುತ್ತಾರೆ. "ತಲೆ ಭಾರ", "ಗ್ಯಾಸ್", "ಮೈಕೈ ನೋವು", "ಎದೆ ಹಿಡಿದಂತಾಗುತ್ತದೆ" ಎಂದು ವೈದ್ಯರಿಂದ ವೈದ್ಯರಿಗೆ ಅಲೆಯುವವರಿದ್ದಾರೆ. ಥೈರಾಯ್ಡ್ ತೊಂದರೆ, ರಕ್ತಹೀನತೆಗಳಿಂದಲೂ ಇಂತಹ ಲಕ್ಷಣಗಳು ತೋರಬಹುದಾದ್ದರಿಂದ ಮೊದಲು ದೇಹದ ತಪಾಸಣೆ ಸರಿಯಾದ ಕ್ರಮವೇ. ತಪಾಸಣೆಯಲ್ಲಿ ದೋಷ ಕಾಣದಿದ್ದರೂ ತೊಂದರೆ ಮುಂದುವರಿದಲ್ಲಿ, ಮನಸ್ಸಿನ ಸ್ಥಿತಿಯನ್ನೂ ವೈದ್ಯರಲ್ಲಿ ಮುಚ್ಚುಮರೆಯಿಲ್ಲದೆ ತಿಳಿಸತಕ್ಕದ್ದು.

ದಾಖಲೆಯ ಭಯ ಮತ್ತು ಕಾನೂನಿನ ರಕ್ಷಣೆ

2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017 ನಾಗರಿಕರಿಗೆ ಕೆಳಕಂಡ ಹಕ್ಕುಗಳನ್ನು ನೀಡಿದೆ.

ಗೋಪ್ಯತೆ: 23ನೇ ಪ್ರಕರಣದನ್ವಯ ವ್ಯಕ್ತಿಯ ಕಾಯಿಲೆ ಮತ್ತು ಚಿಕಿತ್ಸೆಯ ಮಾಹಿತಿ ಗೌಪ್ಯ. ಮಾಲೀಕರಾಗಲಿ, ನೆಂಟರಾಗಲಿ ಆಸ್ಪತ್ರೆಯಿಂದ ಅದನ್ನು ಹಕ್ಕಿನಿಂದ ಕೇಳುವಂತಿಲ್ಲ. ಚಿಕಿತ್ಸೆ ನೀಡುವ ಇತರ ವೈದ್ಯರು, ರೋಗಿಯು ನೇಮಿಸಿದ ಪ್ರತಿನಿಧಿ, ಪ್ರಾಣಾಪಾಯ ತಪ್ಪಿಸಬೇಕಾದ ಸಂದರ್ಭ, ನ್ಯಾಯಾಲಯದ ಆದೇಶ ಮುಂತಾದ ಕೆಲವೇ ವಿನಾಯಿತಿಗಳಿವೆ.

ಹಿಂದಿನ ಚಿಕಿತ್ಸೆ: ಹಿಂದೊಮ್ಮೆ ಚಿಕಿತ್ಸೆ ಪಡೆದಿದ್ದರೆಂಬ ಒಂದೇ ಕಾರಣದಿಂದ ಈಗಲೂ ಮಾನಸಿಕ ಕಾಯಿಲೆ ಇದೆಯೆಂದು ನಿರ್ಧರಿಸುವಂತಿಲ್ಲ. ಕಾಯಿಲೆ ಇದೆ ಎಂದ ಮಾತ್ರಕ್ಕೆ ವ್ಯಕ್ತಿಯು ಬುದ್ಧಿಸ್ಥಿಮಿತವಿಲ್ಲದವನೆಂದು ಅರ್ಥವಲ್ಲ. ಹಾಗೆ ಘೋಷಿಸುವ ಅಧಿಕಾರ ಸಕ್ಷಮ ನ್ಯಾಯಾಲಯಕ್ಕೆ ಮಾತ್ರ ಇದೆ (3ನೇ ಪ್ರಕರಣ).

ಉಚಿತ ಚಿಕಿತ್ಸೆ: ಬಡತನ ರೇಖೆಗಿಂತ ಕೆಳಗಿರುವವರು ಸರ್ಕಾರಿ ಹಾಗೂ ಸರ್ಕಾರದ ಅನುದಾನದ ಸಂಸ್ಥೆಗಳಲ್ಲಿ ಉಚಿತ ಚಿಕಿತ್ಸೆಗೆ ಅರ್ಹರು. ಕೈಯಲ್ಲಿ ಬಿ.ಪಿ.ಎಲ್. ಕಾರ್ಡ್ ಇಲ್ಲದಿದ್ದರೂ ಈ ಹಕ್ಕು ಅನ್ವಯಿಸುತ್ತದೆ (18ನೇ ಪ್ರಕರಣ).

ವಿಮೆ: ದೈಹಿಕ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮಾ ಸಂಸ್ಥೆಗಳು ವೈದ್ಯಕೀಯ ವಿಮೆ ಕಲ್ಪಿಸತಕ್ಕದ್ದು (21ನೇ ಪ್ರಕರಣ).

ವೈದ್ಯರನ್ನು ಕಂಡರೆ ಅಂಗವಿಕಲರ ಪಟ್ಟಿಗೆ ಹೆಸರು ಸೇರುವುದೆಂಬ ತಪ್ಪು ಕಲ್ಪನೆಯೂ ಕೆಲವರಲ್ಲಿದೆ. ಅಂಗವಿಕಲತೆಯ ಪ್ರಮಾಣಪತ್ರವು ಅರ್ಜಿ ಸಲ್ಲಿಸಿದವರಿಗೆ, ತಪಾಸಣೆಯ ನಂತರ ಮಾತ್ರ ದೊರೆಯುವಂತಹುದು. ಹೊರರೋಗಿ ಚೀಟಿಗೂ ಅದಕ್ಕೂ ಸಂಬಂಧವಿಲ್ಲ. ದೀರ್ಘಕಾಲದ ತೀವ್ರ ಕಾಯಿಲೆಯಿಂದ ದುಡಿಮೆಗೆ ಅಡಚಣೆಯಾಗಿರುವವರಿಗೆ, ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ ಅಡಿಯಲ್ಲಿ ಆ ಪ್ರಮಾಣಪತ್ರವೇ ಸೌಲಭ್ಯದ ದಾರಿಯಾಗುತ್ತದೆ. ಅಂತಹವರು ಹಿಂಜರಿಯದೆ ಅರ್ಜಿ ಸಲ್ಲಿಸಬಹುದು.

ನೆರವು ಎಲ್ಲಿ ದೊರೆಯುತ್ತದೆ?

1. ದೂರವಾಣಿ: ಟೆಲಿ-ಮಾನಸ್ ಸಹಾಯವಾಣಿ 14416 (ಅಥವಾ 1800-891-4416). 2022ರ ಅಕ್ಟೋಬರ್ 10ರಂದು ಆರಂಭವಾದ ಈ ಉಚಿತ ಸೇವೆ ದಿನದ 24 ಗಂಟೆಯೂ ಕನ್ನಡದಲ್ಲಿ ಲಭ್ಯ. ಕರೆ ಮಾಡಲು ಅರ್ಜಿಯಾಗಲಿ, ವೈದ್ಯರ ಚೀಟಿಯಾಗಲಿ ಬೇಕಿಲ್ಲ. ಮನೆಯಲ್ಲಿ ಮಾತನಾಡಲು ಏಕಾಂತವಿಲ್ಲದವರು ಉದ್ಯಾನವನದಲ್ಲೋ ಮನೆಯ ಮಹಡಿಯ ಮೇಲೋ ನಿಂತು ಕರೆ ಮಾಡಬಹುದು. ರೋಗಿಯ ಪರವಾಗಿ ಮನೆಯವರೂ ಸಲಹೆ ಕೇಳಬಹುದು.

2. ಸಮೀಪದ ಆರೋಗ್ಯ ಕೇಂದ್ರ: ನಗರ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ನಮ್ಮ ಕ್ಲಿನಿಕ್‌ನ ವೈದ್ಯರಲ್ಲಿ ಮೊದಲು ಹೇಳಿಕೊಳ್ಳಬಹುದು. ಮನೋರೋಗಕ್ಕೆ ದೊಡ್ಡಾಸ್ಪತ್ರೆಗೇ ಹೋಗಬೇಕೆಂಬ ಭಾವನೆಯನ್ನು ಬದಲಿಸಿದ್ದು ಕರ್ನಾಟಕದ ಅನುಭವವೇ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ನೀಡಿ ಅಲ್ಲಿಯೇ ಚಿಕಿತ್ಸೆ ದೊರಕಿಸಲಾಯಿತು. ಆ ಮಾದರಿಯನ್ನೇ ಆಧರಿಸಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು.

3. ಇ.ಎಸ್.ಐ. ವಿಮಾದಾರ ಕಾರ್ಮಿಕರು ಮತ್ತು ಅವರ ಕುಟುಂಬದವರು ತಮ್ಮ ಇ.ಎಸ್.ಐ. ಚಿಕಿತ್ಸಾಲಯದ ಮೂಲಕ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯನ್ನು ಸಂಪರ್ಕಿಸಬಹುದು.

4. ಹೊಸೂರು ರಸ್ತೆಯ ನಿಮ್ಹಾನ್ಸ್‌ನ ಹೊರರೋಗಿ ವಿಭಾಗಕ್ಕೆ ನೇರವಾಗಿ ಹೋಗಬಹುದು. ಬೆಳಿಗ್ಗೆ ಬೇಗನೆ, ಹಳೆಯ ಚೀಟಿಗಳು ಹಾಗೂ ಸೇವಿಸುತ್ತಿರುವ ಮಾತ್ರೆಗಳೊಂದಿಗೆ, ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವುದು ಅನುಕೂಲ.

ಚಿಕಿತ್ಸೆಯ ಸ್ವರೂಪ

ಚಿಕಿತ್ಸೆ ಎಂದರೆ ಆಸ್ಪತ್ರೆಯಲ್ಲಿ ದಾಖಲಾಗುವುದು ಎಂದು ಭಾವಿಸಬೇಕಾಗಿಲ್ಲ. ಹೆಚ್ಚಿನವರು ಮನೆಯಲ್ಲಿದ್ದುಕೊಂಡೇ, ಕೆಲಸಕ್ಕೆ ಹೋಗುತ್ತಲೇ ಗುಣಮುಖರಾಗುತ್ತಾರೆ. ತೊಂದರೆ ಸೌಮ್ಯವಾಗಿದ್ದಲ್ಲಿ ಆಪ್ತಸಮಾಲೋಚನೆಯೇ ಸಾಕಾಗಬಹುದು. ಖಿನ್ನತೆಗೆ ನೀಡುವ ಮಾತ್ರೆಗಳು ಪರಿಣಾಮ ತೋರಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಅವು ಮದ್ಯದಂತೆ ಚಟ ಹತ್ತಿಸುವಂತಹವಲ್ಲ. "ಈಗ ಚೆನ್ನಾಗಿದ್ದೇನೆ" ಎಂದು ತಾವಾಗಿಯೇ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಸಂಭವವಿದೆ. ಹರಕೆ, ಪೂಜೆಗಳಿಂದ ಮನಸ್ಸಿಗೆ ಸಮಾಧಾನ ದೊರೆಯುವುದಾದರೆ ಆಕ್ಷೇಪಣೆ ಇಲ್ಲ. ಆದರೆ ಆ ಕಾರಣಕ್ಕೆ ಔಷಧಿಯನ್ನು ಬಿಡಬಾರದು.

ವೈದ್ಯರ ಸಲಹೆಯ ಜೊತೆಗೆ ನಿಗದಿತ ವೇಳೆಯ ನಿದ್ರೆ, ಮಿತವಾದ ಕಾಫಿ, ಮಲ್ಲತ್ತಹಳ್ಳಿ ಕೆರೆಯ ಬಳಿಯೋ ಮನೆಯ ಸಮೀಪದ ಉದ್ಯಾನದಲ್ಲೋ ಅರ್ಧ ಗಂಟೆ ನಡಿಗೆ, ವಾರಕ್ಕೊಮ್ಮೆಯಾದರೂ ಆಪ್ತರೊಡನೆ ಮಾತು ಸಹಾಯಕ. ಇವು ಚಿಕಿತ್ಸೆಗೆ ಪೂರಕ, ಬದಲಿ ಅಲ್ಲ.

ಮನೆಯವರ ಪಾತ್ರ

"ಧೈರ್ಯ ತಂದುಕೋ", "ನಿನಗೇನು ಕಡಿಮೆಯಾಗಿದೆ?" ಎಂಬ ಮಾತುಗಳು ಸದುದ್ದೇಶದಿಂದ ಬಂದರೂ ನೊಂದವರ ಬಾಯಿ ಕಟ್ಟುತ್ತವೆ. "ಇತ್ತೀಚೆಗೆ ನೀನು ಸಪ್ಪಗಿದ್ದೀಯಲ್ಲ, ಏನಾಗಿದೆ ಹೇಳು, ನಾನು ಕೇಳುತ್ತೇನೆ" ಎಂದು ಕೇಳಿ ಸುಮ್ಮನೆ ಕುಳಿತರೆ ಅದೇ ಮೊದಲ ಉಪಚಾರ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳುವುದರಿಂದ ಅಂತಹ ಯೋಚನೆ ಹುಟ್ಟುವುದಿಲ್ಲ. ಒಳಗಿದ್ದುದನ್ನು ಹೇಳಿಕೊಳ್ಳಲು ದಾರಿಯಾಗುತ್ತದೆ.

ತುರ್ತು ಸಂದರ್ಭದಲ್ಲಿ

ಪ್ರಾಣಾಪಾಯದ ಸೂಚನೆ ಕಂಡಲ್ಲಿ ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡದೆ, ಕೀಟನಾಶಕ ಹಾಗೂ ಹೆಚ್ಚುವರಿ ಮಾತ್ರೆಗಳನ್ನು ಕೈಗೆ ಸಿಗದಂತೆ ಇರಿಸಿ, 108 ಅಥವಾ 112ಕ್ಕೆ ಕರೆ ಮಾಡತಕ್ಕದ್ದು. ಪೊಲೀಸ್ ಪ್ರಕರಣವಾಗುವುದೆಂಬ ಭಯದಿಂದ ಆಸ್ಪತ್ರೆಗೆ ಒಯ್ಯಲು ತಡಮಾಡಿದರೆ ಜೀವಕ್ಕೇ ಕುತ್ತು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕೆಂದೂ, ಅವರಿಗೆ ಆರೈಕೆ ನೀಡುವುದು ಸರ್ಕಾರದ ಕರ್ತವ್ಯವೆಂದೂ ಮೇಲ್ಕಂಡ ಅಧಿನಿಯಮದ 115ನೇ ಪ್ರಕರಣ ಹೇಳುತ್ತದೆ. ಯತ್ನವನ್ನೇ ಅಪರಾಧವೆಂದು ಪರಿಗಣಿಸಿದ್ದ ಭಾರತೀಯ ದಂಡ ಸಂಹಿತೆಯ 309ನೇ ಪ್ರಕರಣವು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಸರ್ಕಾರಿ ನೌಕರರನ್ನು ಅವರ ಕರ್ತವ್ಯದ ವಿಷಯದಲ್ಲಿ ಬಲವಂತಪಡಿಸಲು ನಡೆಸುವ ಯತ್ನ ಮಾತ್ರ ಪ್ರತ್ಯೇಕ ಅಪರಾಧ. ಆಸ್ಪತ್ರೆಯವರು ಪೊಲೀಸರಿಗೆ ಮಾಹಿತಿ ನೀಡಬಹುದು. ಅದು ವಾಡಿಕೆಯ ಕ್ರಮ. ಅದಕ್ಕಾಗಿ ಚಿಕಿತ್ಸೆಯನ್ನು ಮುಂದೂಡುವ ಅಗತ್ಯವಿಲ್ಲ.

ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ಚೀಟಿ ಮಾಡಿಸಲು ಸಂಕೋಚಪಡದ ನಾಗರಿಕರು ಮನಸ್ಸಿನ ಬೇನೆಗೂ ಅಷ್ಟೇ ಸಹಜವಾಗಿ ಚೀಟಿ ಮಾಡಿಸಿಕೊಳ್ಳಬೇಕೆಂದು, ಇಂದು ಕರೆ ಮಾಡುವ ಸ್ಥಿತಿಯಲ್ಲಿಲ್ಲದವರು 14416 ಸಂಖ್ಯೆಯನ್ನು ಗುರುತು ಹಾಕಿಕೊಂಡಾದರೂ ಇಟ್ಟುಕೊಳ್ಳಬೇಕೆಂದು ಕೋರಲಾಗಿದೆ.